ಮಗು ಆರಿಸಿಕೊಳ್ಳುವ ವಿದ್ಯೆ

ವರ್ಷಂಪ್ರತಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ಪುತ್ತೂರಿನ ಪದವಿಪೂರ್ವ ಕಾಲೇಜುಗಳ ಕಚೇರಿಗಳ ಮುಂದೆ ತಂದೆತಾಯಂದಿರೂ ಮಕ್ಕಳೂ ಸಾಲುಗಟ್ಟಿ ನಿಲ್ಲುವುದುಂಟು. ಸುಳ್ಯದಿಂದಲೂ, ಕಡಬ, ಸುಬ್ರಹ್ಮಣ್ಯ, ಪಂಜ, ಬೆಳ್ಳಾರೆಗಳಿಂದಲೂ ಮುಂಜಾನೆಯ ಬಸ್ಸು ಹಿಡಿದು ಬಂದ ಆ ಮಂದಿಯ ಕೈಯಲ್ಲಿ ಅಂಕಪಟ್ಟಿಯ ಪ್ರತಿಯೊಂದು, ಭರ್ತಿ ಮಾಡಬೇಕಾದ ಅರ್ಜಿಯೊಂದು. ಹೆಸರು, ಜನ್ಮದಿನಾಂಕ, ಜಾತಿ, ವಾರ್ಷಿಕ ಆದಾಯ ಎಂಬಿವೇ ಮೊದಲಾದ ಕಲಮುಗಳನ್ನೆಲ್ಲ ದಾಟಿದ ಮೇಲೆ ‘ವಿಷಯ ಸಂಯೋಜನೆ’ ಎಂಬ ಅಂಕಣವೊಂದು ಎದುರಾಗುತ್ತದೆ. ಪಿ.ಸಿ.ಎಂ.ಬಿ., ಪಿ.ಸಿ.ಎಂ.ಸಿ., ಎಚ್.ಇ.ಪಿ.ಎಸ್. ಮುಂತಾಗಿ ನಾಲ್ಕು ನಾಲ್ಕು ಅಕ್ಷರಗಳ ಕಟ್ಟುಗಳು ಅಲ್ಲಿ ಅಚ್ಚಾಗಿರುತ್ತವೆ. ಅವುಗಳಲ್ಲಿ ಒಂದರ ಮುಂದೆ ಗುರುತು ಹಾಕಬೇಕು. ಹದಿನಾರರ ಹೊಸ್ತಿಲಲ್ಲಿ ನಿಂತ ಬಾಲಕನು ಅಥವಾ ಬಾಲಕಿಯು, ತಾನೇನನ್ನು ಕಲಿಯಬಯಸುವೆನೆಂಬ ಪ್ರಶ್ನೆಯನ್ನು ವಿದ್ಯಾಸಂಸ್ಥೆಯೊಂದರ ಬಾಯಿಂದ ಜೀವಮಾನದಲ್ಲಿ ಮೊದಲ ಬಾರಿಗೆ ಕೇಳಿಸಿಕೊಳ್ಳುವುದು ಆ ಗಳಿಗೆಯಲ್ಲಿ. “ಮಾರ್ಕು ಉಂಟಲ್ಲ, ಸಯನ್ಸೇ ತೆಗೆದುಕೊಳ್ಳಲಿ” ಎಂದು ಮಾವನೋ, “ಆರ್ಟ್ಸ್ ಕಲಿತು ಮುಂದೆ ಏನು ಮಾಡುವುದು?” ಎಂದು ನೆರೆಮನೆಯವರೋ ಮೊದಲೇ ಇತ್ತ ಉತ್ತರವು ಅಂಕಣದಲ್ಲಿ ಬಂದು ಕೂರುತ್ತದೆ. ಇದರಲ್ಲಿ ಹೆತ್ತವರ ದೋಷವನ್ನು ಎಣಿಸುವುದು ನ್ಯಾಯವಲ್ಲ. ಹತ್ತು ವರುಷಗಳ ಕಾಲ ಒಂದು ಸಲವೂ ಆರಿಸುವ ಅಭ್ಯಾಸವಿಲ್ಲದೆ ಬೆಳೆದ ಮಗು, ಒಂದು ಬೆಳಗಿನಲ್ಲಿ ವಿವೇಕದಿಂದ ಆರಿಸಿಕೊಳ್ಳಬೇಕೆಂದು ನಿರೀಕ್ಷಿಸುವ ಏರ್ಪಾಡಿನಲ್ಲಿಯೇ ದೋಷವಿದೆ.

ಆ ಹತ್ತು ವರುಷಗಳನ್ನು ಸ್ವಲ್ಪ ಪರಿಶೀಲಿಸೋಣ. ನಮ್ಮ ರಾಜ್ಯದ ಪ್ರೌಢಶಾಲೆಯ ಪಠ್ಯಕ್ರಮವು ಮೂರು ಭಾಷೆಗಳು, ಗಣಿತ, ವಿಜ್ಞಾನ, ಸಮಾಜವಿಜ್ಞಾನ ಎಂಬ ಆರು ವಿಷಯಗಳಿಂದ ಕೂಡಿದುದು. ಪ್ರಥಮ ಭಾಷೆಗೆ 125, ಉಳಿದವಕ್ಕೆ ತಲಾ 100, ಒಟ್ಟು 625 ಅಂಕಗಳೆಂಬ ಲೆಕ್ಕವು ಈ ಭಾಗದ ಮನೆಮನೆಗಳಲ್ಲಿ ಬಾಯಿಪಾಠವಾಗಿದೆ. ಈ ಆರರಲ್ಲಿ ಆಯ್ಕೆಗೆ ಎಡೆಯಿರುವುದು ಭಾಷೆಗಳಲ್ಲಿ ಮಾತ್ರ. ಪ್ರಥಮ ಭಾಷೆಯಾಗಿ ಕನ್ನಡವನ್ನೋ ಸಂಸ್ಕೃತವನ್ನೋ ತೆಗೆದುಕೊಳ್ಳುವ ಅವಕಾಶ ಕೆಲವು ಶಾಲೆಗಳಲ್ಲಿದೆ. ಆದರೆ ಕಾಳಿದಾಸನನ್ನು ಓದುವ ಹಂಬಲದಿಂದ ಸಂಸ್ಕೃತವನ್ನು ವರಿಸುವವರಿಗಿಂತ, ಅಲ್ಲಿ ಅಂಕ ಗಳಿಕೆ ಸುಲಭವೆಂಬ ಎಣಿಕೆಯಿಂದ ವರಿಸುವವರು ಎಷ್ಟೋ ಪಾಲು ಹೆಚ್ಚೆಂಬುದನ್ನು ಅಧ್ಯಾಪಕರೇ ಒಪ್ಪುತ್ತಾರೆ. ಅಂಕವು ನಮ್ಮ ಪರವಾಗಿ ಆರಿಸಿಕೊಟ್ಟಿತೆಂದರೆ ನಾವು ಆರಿಸಿದಂತಾಗಲಿಲ್ಲ. ಆಯ್ದ ಕೆಲವು ಸರಕಾರಿ ಪ್ರೌಢಶಾಲೆಗಳಲ್ಲಿ ತೃತೀಯ ಭಾಷೆಗೆ ಬದಲಾಗಿ ಮಾಹಿತಿ ತಂತ್ರಜ್ಞಾನ, ಆಟೋಮೊಬೈಲ್ ಮೊದಲಾದ ವೃತ್ತಿಪರ ವಿಷಯವನ್ನು ಕಲಿಯಬಹುದೆಂಬ ಏರ್ಪಾಡು ಬಂದಿದೆ. ಅದು ಒಳ್ಳೆಯದೇ, ಆದರೆ ಅಂಥ ಶಾಲೆ ಎಲ್ಲ ಊರುಗಳಲ್ಲಿಯೂ ಇಲ್ಲ.

ಈ ವಿಷಯವನ್ನು ಪುತ್ತೂರಿನಲ್ಲಿ ನಿಂತು ಚಿಂತಿಸುವವನಿಗೆ ಪರ್ಲಡ್ಕದ ಗುಡ್ಡವನ್ನು ನೆನೆಯದೆ ಗತ್ಯಂತರವಿಲ್ಲ. ಇಂದು ‘ಬಾಲವನ’ವೆಂದು ನಾಡೆಲ್ಲ ಅರಿತಿರುವ ಆ ತಾಣದಲ್ಲಿ, ಇಪ್ಪತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ, ಕೋಟದಿಂದ ಬಂದು ಪುತ್ತೂರನ್ನು ತಮ್ಮ ಊರನ್ನಾಗಿ ಮಾಡಿಕೊಂಡಿದ್ದ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗವೊಂದನ್ನು ಕೈಗೊಂಡರು. ಹೆಸರೇ ಅದರ ಉದ್ದೇಶವನ್ನು ಸಾರುತ್ತದೆ: ಬಾಲರಿಗೊಂದು ವನ. ಗೋಡೆಯೊಳಗಿನ ತರಗತಿಗೂ ಹೊರಗಿನ ಮರ, ಹಕ್ಕಿ, ಮಣ್ಣುಗಳಿಗೂ ನಡುವೆ ಅಂತರವಿರಬಾರದು, ಹಾಡು, ಕುಣಿತ, ನಾಟಕ, ಚಿತ್ರ, ಕೈಗೆಲಸ ಇವು ಓದುಬರಹಗಳಿಂದ ಬೇರೆಯಾದ ‘ಪಠ್ಯೇತರ ಚಟುವಟಿಕೆ’ಗಳಲ್ಲ, ಅವೂ ವಿದ್ಯೆಯೇ, ಮಗುವಿನ ಕುತೂಹಲವು ಯಾವ ದಿಕ್ಕಿಗೆ ಹರಿಯುವುದೋ ಆ ದಿಕ್ಕಿಗೆ ಕಲಿಸುವವನು ಹಿಂಬಾಲಿಸಬೇಕು ಎಂಬುವು ಕಾರಂತರು ಆ ಕಾಲದಲ್ಲಿ ತಳೆದಿದ್ದ ನಿಲುವುಗಳು. ಮಕ್ಕಳ ಕೂಟಗಳನ್ನು ಏರ್ಪಡಿಸಿದರು. ಮಕ್ಕಳಿಗಾಗಿ ನಾಟಕಗಳನ್ನು ಬರೆದರು, ಆಡಿಸಿದರು, ತಾವೂ ಕುಣಿದರು. ಶಾಲೆಯಾಗಿ ಆ ಪ್ರಯೋಗವು ದೀರ್ಘಕಾಲ ನಡೆಯಲಿಲ್ಲ. ನಡೆಯಲಿಲ್ಲವೆಂಬ ಕಾರಣಕ್ಕೆ ಅದನ್ನು ಸೋಲೆಂದು ಬಗೆಯುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಪರೀಕ್ಷೆಗೂ ಉದ್ಯೋಗಕ್ಕೂ ಗಂಟುಬಿದ್ದಿದ್ದ ವಿದ್ಯಾಕ್ರಮದ ನಡುವೆ, ಮಗುವನ್ನು ಮೊದಲು ಕೇಳಬೇಕೆಂದು ಒಬ್ಬ ವ್ಯಕ್ತಿ ಇಲ್ಲಿ, ಈ ಕೆಮ್ಮಣ್ಣಿನ ಮೇಲೆ, ಆಚರಿಸಿ ತೋರಿಸಿದನೆಂಬುದೇ ದೊಡ್ಡದು.

ಕಾರಂತರಿಗೆ ಈ ನಿಲುವು ಬಂದುದು ಕೇವಲ ಗ್ರಂಥಗಳಿಂದಲ್ಲ. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಮಂಗಳೂರಿನ ಸರಕಾರಿ ಕಾಲೇಜಿನ ಓದನ್ನು ತೊರೆದು ಹೊರಬಂದ ಆ ತರುಣನಿಗೆ ಮುಂದೆ ವಿಷಯಗಳನ್ನು ನಿಗದಿಪಡಿಸಿಕೊಡುವ ವಿಶ್ವವಿದ್ಯಾಲಯವೊಂದು ಇರಲಿಲ್ಲ. ಕಾದಂಬರಿ, ಯಕ್ಷಗಾನ, ನೃತ್ಯ, ಛಾಯಾಗ್ರಹಣ, ಮೂಕಚಿತ್ರ, ಮುದ್ರಣ, ಶಬ್ದಕೋಶ, ವಾಸ್ತುಶಿಲ್ಪ, ಭೂಗರ್ಭ, ಪ್ರಾಣಿಶಾಸ್ತ್ರ ಹೀಗೆ ಬೇಕಾದುದನ್ನು ಬೇಕಾದಾಗ ತಾವೇ ಆರಿಸಿ, ಅದಕ್ಕೆ ಬೇಕಾದ ಪುಸ್ತಕಗಳನ್ನು ತಾವೇ ತರಿಸಿ, ತಿರುಗಾಡಿ ನೋಡಿ ಕಲಿತರು. 1902ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡ ಅವರ ದೀರ್ಘಾಯುಷ್ಯವೆಲ್ಲ ಒಬ್ಬ ಸ್ವತಂತ್ರ ವಿದ್ಯಾರ್ಥಿಯ ಆಯುಷ್ಯವೇ ಆಗಿತ್ತು. ಎಲ್ಲರೂ ಕಾರಂತರಾಗಲಾರರೆಂಬ ಮಾತು ಇಲ್ಲಿ ಬರುವುದು ಸಹಜ. ಆಗಲಾರರು, ನಿಜ. ಆದರೆ ಅವರು ಬಾಲವನದಲ್ಲಿ ಮಾಡಿದ ಮುಖ್ಯ ಕೆಲಸವು ತಮ್ಮಂತಹ ಅಸಾಧಾರಣರಿಗಾಗಿ ಅಲ್ಲ, ಯಾವ ಮನೆಯಲ್ಲಿ ಪುಸ್ತಕವಿಲ್ಲವೋ ಅಂಥ ಮನೆಯ ಸಾಧಾರಣ ಮಗುವಿಗಾಗಿ ಮಾಡಿದುದು.

ಆ ಕೆಲಸದ ಹೆಸರು ‘ಬಾಲಪ್ರಪಂಚ’. 1936ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದ ಈ ಮಕ್ಕಳ ವಿಶ್ವಕೋಶವನ್ನು ಪಂಡಿತಮಂಡಲಿಯೊಂದರ ನೆರವಿಲ್ಲದೆ ಒಬ್ಬರೇ ರಚಿಸಿದರೆಂಬ ಸಂಗತಿಯನ್ನು ನಾವು ಅಚ್ಚರಿಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅಚ್ಚರಿಪಡುವ ಭರದಲ್ಲಿ, ಅದನ್ನೇಕೆ ರಚಿಸಿದರೆಂಬುದನ್ನು ಮರೆಯುತ್ತೇವೆ. ಆಯ್ಕೆಯೆಂಬುದಕ್ಕೆ ಮೊದಲು ಕಣ್ಣ ಮುಂದೆ ಆಯಲು ಏನಾದರೂ ಹರಡಿರಬೇಕು. ನಕ್ಷತ್ರಗಳ ವಿಚಾರವನ್ನು ಒಮ್ಮೆಯೂ ಕೇಳದ ಮಗು ಖಗೋಳಶಾಸ್ತ್ರವನ್ನು ಬಯಸಲಾರದು. ಬೇರೆ ದೇಶದ ಜನರ ಉಡುಗೆತೊಡುಗೆ, ಮನೆಮಾರುಗಳ ಚಿತ್ರವನ್ನೂ ಕಾಣದ ಮಗು ಮಾನವಶಾಸ್ತ್ರವನ್ನು ಕನಸಿನಲ್ಲಿಯೂ ಕಾಣದು. ‘ನಿನಗೇನು ಇಷ್ಟ?’ ಎಂಬ ಪ್ರಶ್ನೆಯನ್ನು ಬರಿಗೈಯಲ್ಲಿ ಮಗುವಿನ ಮುಂದೆ ನಿಂತು ಕೇಳಿದರೆ, ತಾನು ಕಂಡಿರುವ ಎರಡೋ ಮೂರೋ ವಸ್ತುಗಳಲ್ಲಿ ಒಂದನ್ನು ಅದು ಹೆಸರಿಸೀತು. ಆದುದರಿಂದಲೇ ಕಾರಂತರು ಮೊದಲು ಪ್ರಪಂಚವನ್ನು ಬಡಿಸಿದರು. ತರುವಾಯ ಕೆಲವು ದಶಕಗಳಲ್ಲಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಹಿರಿಯರಿಗಾಗಿ ಬರೆದರು. ಶಾಲೆಯಲ್ಲಿ ಆಯ್ಕೆಯ ಸ್ವಾತಂತ್ರ್ಯ ಬೇಕೆನ್ನುವ ನಾವು ಎಲ್ಲಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಮಗುವಿನ ಮುಂದೆ ನಾವು ಏನನ್ನು ಹರಡಿದ್ದೇವೆ?

ಇದೇ ಸೀಮೆಯು ಇನ್ನೊಬ್ಬ ವಿಶ್ವಕೋಶಕಾರನನ್ನೂ ನಾಡಿಗೆ ಕೊಟ್ಟಿತು. ಪುತ್ತೂರು, ಸುಳ್ಯಗಳ ಗ್ರಾಮಗಳನ್ನು ಬೇರ್ಪಡಿಸಿ ಇತ್ತೀಚೆಗೆ ರಚಿಸಿದ ಕಡಬ ತಾಲೂಕಿನೊಳಗೆ, ಸುಬ್ರಹ್ಮಣ್ಯದ ಸಮೀಪದ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ಕುಳ್ಕುಂದ ಶಿವರಾಯರು ನಿರಂಜನರೆಂಬ ಹೆಸರಿನಿಂದ ಪ್ರಸಿದ್ಧರಾದರು. ‘ಚಿರಸ್ಮರಣೆ’ಯ ಕರ್ತೃವಾಗಿ ಅವರನ್ನು ಬಲ್ಲವರು ಅನೇಕರು, ಎಪ್ಪತ್ತರ ದಶಕದಲ್ಲಿ ಅವರ ಸಂಪಾದಕತ್ವದಲ್ಲಿ ಏಳು ಸಂಪುಟಗಳಾಗಿ ಹೊರಬಂದ ‘ಜ್ಞಾನ ಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶವನ್ನು ನೆನೆಯುವವರು ಅಷ್ಟಿಲ್ಲ. ಕುಮಾರಧಾರೆಯ ಎರಡು ದಡಗಳ ಸೀಮೆಯಲ್ಲಿ ಬಾಳಿದ ಇಬ್ಬರು ಲೇಖಕರು, ನಾಲ್ಕು ದಶಕಗಳ ಅಂತರದಲ್ಲಿ, ತಮ್ಮ ಕಾದಂಬರಿಗಳನ್ನು ಬದಿಗಿಟ್ಟು ಮಕ್ಕಳಿಗೆ ಜಗತ್ತನ್ನು ಪರಿಚಯಿಸುವ ಭಾರವನ್ನು ಹೊತ್ತುದು ಕಾಕತಾಳೀಯವಿರಬಹುದು. ಆದರೆ ಈ ತಾಲೂಕುಗಳ ಪ್ರತಿಯೊಂದು ಪ್ರೌಢಶಾಲೆಯ ಕಪಾಟಿನಲ್ಲಿಯೂ ಈ ಸಂಪುಟಗಳು ಬೀಗವಿಲ್ಲದೆ ಇರಬೇಕಾದುದು ಕರ್ತವ್ಯವೆಂದು ನನಗೆ ತೋರುತ್ತದೆ.

ಲೋಕದಲ್ಲಿ ಈ ವಿಚಾರವು ಹೊಸತಲ್ಲ. ರಷ್ಯದ ಯಾಸ್ನಯಾ ಪೊಲ್ಯಾನದಲ್ಲಿ ರೈತರ ಮಕ್ಕಳಿಗಾಗಿ ಟಾಲ್‌ಸ್ಟಾಯ್ 1859ರಲ್ಲಿ ತೆರೆದ ಶಾಲೆಯಲ್ಲಿ, ಮಗುವಿಗೆ ಬರಲೂ ಎದ್ದುಹೋಗಲೂ ಸ್ವಾತಂತ್ರ್ಯವಿತ್ತು. 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಮಾರಿಯಾ ಮಾಂಟೆಸ್ಸೊರಿಯವರು ಆರಂಭಿಸಿದ ಶಿಶುಮಂದಿರದಲ್ಲಿ ಕಲಿಕೆಯ ಸಾಧನಗಳನ್ನು ಮಗುವಿನ ಕೈಗೆಟಕುವ ಎತ್ತರದಲ್ಲಿ ಜೋಡಿಸಿ, ಯಾವುದನ್ನು ಎತ್ತಿಕೊಳ್ಳಬೇಕೆಂಬುದನ್ನು ಮಗುವಿಗೇ ಬಿಟ್ಟಿದ್ದರು. ಸ್ಕಾಟ್ಲೆಂಡಿನ ನೀಲ್ 1921ರಲ್ಲಿ ಸ್ಥಾಪಿಸಿದ ಸಮ್ಮರ್‌ಹಿಲ್ ಶಾಲೆಯಲ್ಲಿ ಪಾಠಕ್ಕೆ ಹೋಗುವುದೇ ಐಚ್ಛಿಕ. ಶಾಂತಿನಿಕೇತನದ ರವೀಂದ್ರರನ್ನೂ, ಭಾವನಗರದ ಗಿಜುಭಾಯಿ ಬಧೇಕರನ್ನೂ ನಮ್ಮವರು ಬಲ್ಲರು. ಜಪಾನಿನ ಕೊಬಯಾಶಿಯವರ ತೊಮೊಯೆ ಶಾಲೆಯಲ್ಲಿ ಅಂದಂದಿನ ವಿಷಯಗಳನ್ನೆಲ್ಲ ಬೆಳಗಿನಲ್ಲಿಯೇ ಹಲಗೆಯ ಮೇಲೆ ಬರೆದು, ಯಾವುದರಿಂದ ಆರಂಭಿಸಬೇಕೆಂಬ ಆಯ್ಕೆಯನ್ನು ಮಕ್ಕಳಿಗೆ ಬಿಡುತ್ತಿದ್ದುದನ್ನು ‘ತೊತ್ತೊ-ಚಾನ್’ ಓದಿದವರು ಅರಿತಿದ್ದಾರೆ. ಈ ಎಲ್ಲ ಪ್ರಯೋಗಗಳಲ್ಲಿ ಸ್ವಾತಂತ್ರ್ಯದ ಪ್ರಮಾಣವು ಬೇರೆಬೇರೆ. ಒಂದು ಕಡೆ ಮಗು ಪಾಠವನ್ನೇ ಬಿಡಬಹುದು. ಇನ್ನೊಂದು ಕಡೆ ಎಲ್ಲವನ್ನೂ ಕಲಿಯಲೇಬೇಕು, ಅನುಕ್ರಮವನ್ನು ಮಾತ್ರ ತಾನು ನಿರ್ಣಯಿಸಬಹುದು.

ಇಲ್ಲಿ ಒಂದು ಆಕ್ಷೇಪವನ್ನು ಗಂಭೀರವಾಗಿ ಎದುರಿಸಬೇಕು. ಮಗುವಿಗೆ ತನ್ನ ಹಿತವು ತಿಳಿಯದು. ಕಷ್ಟವಾದುದನ್ನು ಬಿಟ್ಟು ಸುಲಭವಾದುದನ್ನೇ ಅದು ಹಿಡಿಯುತ್ತದೆ. ಲೆಕ್ಕ ಬೇಡವೆಂದ ಹುಡುಗನು ಇಪ್ಪತ್ತರಲ್ಲಿ ಪಶ್ಚಾತ್ತಾಪಪಟ್ಟರೆ ಆ ವರುಷಗಳನ್ನು ಯಾರು ಹಿಂದಿರುಗಿಸುವರು ಎಂದು ಅನುಭವಿ ಅಧ್ಯಾಪಕರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ತನ್ನ ಭಾಷೆಯನ್ನು ನಿರರ್ಗಳವಾಗಿ ಓದಿ ಬರೆಯುವುದು, ಎಣಿಸಿ ಅಳೆಯುವುದು, ತನ್ನ ದೇಹದ ಆರೋಗ್ಯವನ್ನೂ ತಾನಿರುವ ಸಮಾಜದ ಕಟ್ಟಳೆಗಳನ್ನೂ ಅರಿಯುವುದು, ಇವು ಆಯ್ಕೆಗೆ ಬಿಡತಕ್ಕ ವಿಷಯಗಳಲ್ಲವೆಂದೇ ನನ್ನ ಮತ. ಏಕೆಂದರೆ ಇವಿಲ್ಲದವನಿಗೆ ಮುಂದೆ ಯಾವ ಆಯ್ಕೆಯೂ ಉಳಿಯದು. ಆದರೆ ಆಕ್ಷೇಪಿಸುವವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆರಿಸುವುದೂ ಒಂದು ಅಭ್ಯಾಸ. ಅದು ಅಭ್ಯಾಸದಿಂದಲೇ ಬರತಕ್ಕದ್ದು. ಈಜು ಬಾರದ ಮಗುವನ್ನು ಹತ್ತು ವರ್ಷ ದಡದಲ್ಲಿ ಕೂರಿಸಿ, ಹನ್ನೊಂದನೆಯ ವರ್ಷದಲ್ಲಿ ಪಯಸ್ವಿನಿಯ ಮಳೆಗಾಲದ ಪ್ರವಾಹಕ್ಕೆ ಇಳಿಸುವ ತಾಯಿಯುಂಟೆ? ಒಂದು ತಿಂಗಳ ಕೆಲಸವನ್ನು ತಪ್ಪಾಗಿ ಆರಿಸಿಕೊಂಡ ಎಂಟನೆಯ ತರಗತಿಯ ಹುಡುಗಿಗೆ ಆಗುವ ನಷ್ಟವು ಅಲ್ಪ, ದೊರೆಯುವ ಅರಿವು ಅಪಾರ. ಎರಡು ವರುಷದ ಪದವಿಪೂರ್ವ ಶಿಕ್ಷಣವನ್ನು ತಪ್ಪಾಗಿ ಆರಿಸಿದವಳಿಗೆ ಆಗುವ ನಷ್ಟವನ್ನು ಈ ಊರುಗಳಲ್ಲಿ ನಾವೆಲ್ಲ ಕಂಡಿದ್ದೇವೆ.

ಆಯ್ಕೆಯ ಹೆಸರಿನಲ್ಲಿ ನಡೆಯಬಹುದಾದ ಅನ್ಯಾಯವೊಂದನ್ನು ಇತಿಹಾಸವು ನಮಗೆ ಹತ್ತಿರದಿಂದಲೇ ತೋರಿಸಿಕೊಟ್ಟಿದೆ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆಯು ಮದ್ರಾಸು ರಾಜ್ಯದ ಭಾಗವಾಗಿದ್ದಿತಷ್ಟೆ. ಆ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ರಾಜಗೋಪಾಲಾಚಾರ್ಯರು 1953ರಲ್ಲಿ ಗ್ರಾಮೀಣ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆಯೊಂದನ್ನು ತಂದರು. ಮಕ್ಕಳು ದಿನಕ್ಕೆ ಮೂರು ಗಂಟೆ ಮಾತ್ರ ಶಾಲೆಯಲ್ಲಿ ಕಲಿಯುವುದು, ಉಳಿದ ಹೊತ್ತು ಮನೆಯಲ್ಲಿ ತಂದೆತಾಯಿಗಳ ಕಸುಬನ್ನು ಕಲಿಯುವುದು ಎಂಬುದು ಅದರ ತಿರುಳು. ಶಾಲೆಗಳಲ್ಲಿ ಸ್ಥಳವೂ ಅಧ್ಯಾಪಕರೂ ಸಾಲದಾಗಿದ್ದ ಕಾಲದಲ್ಲಿ, ಕೈಕಸುಬಿಗೆ ಗೌರವ ಬರಲೆಂಬ ಆಶಯವೂ ಅದರ ಹಿಂದೆ ಇದ್ದಿರಬಹುದು. ಆದರೆ ಕ್ಷೌರಿಕನ ಮಗನು ಕತ್ತರಿಯನ್ನೇ, ಕುಂಬಾರನ ಮಗನು ತಿಗರಿಯನ್ನೇ ಹಿಡಿಯಬೇಕೆಂದು ಸರಕಾರವೇ ಗೆರೆ ಕೊರೆದಂತಾಯಿತೆಂದು ರಾಜ್ಯದಲ್ಲೆಲ್ಲ ವಿರೋಧವೆದ್ದಿತು. ಮರುವರ್ಷ ರಾಜಾಜಿಯವರು ಅಧಿಕಾರದಿಂದಿಳಿದರು. ಕಾಮರಾಜರು ಬಂದೊಡನೆ ಆ ಯೋಜನೆಯನ್ನು ಕೈಬಿಟ್ಟರು. ವಿರೋಧಿಸಿದವರು ಸರಿಯಾಗಿಯೇ ಗ್ರಹಿಸಿದ್ದರು. ಹುಟ್ಟಿದ ಮನೆಯು ಮಗುವಿನ ವಿದ್ಯೆಯನ್ನು ನಿರ್ಣಯಿಸುವುದಾದರೆ, ಅದಕ್ಕೆ ಎಷ್ಟೇ ಇಂಪಾದ ಹೆಸರನ್ನಿಟ್ಟರೂ ಅದು ಬಂಧನವೇ.

ಅಂಥ ಕಟ್ಟಳೆಯು ಇಂದು ಕಾಗದದ ಮೇಲಿಲ್ಲ, ಬದುಕಿನಲ್ಲಿ ಪೂರ್ಣವಾಗಿ ಅಳಿದೂ ಇಲ್ಲ. ಕಾಡಂಚಿನ ಊರೊಂದರ ಹುಡುಗಿಯು ಭೌತಶಾಸ್ತ್ರವನ್ನು ಬಯಸಿದಳೆನ್ನಿ. ಸಮೀಪದ ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ಕಲೆ, ವಾಣಿಜ್ಯಗಳು ಮಾತ್ರವಿದ್ದರೆ ವಿಜ್ಞಾನಕ್ಕಾಗಿ ಪೇಟೆಗೆ ಹೋಗಬೇಕು. ಕೊನೆಯ ಬಸ್ಸು ಸಂಜೆಯೇ ಹೊರಟುಹೋದರೆ ಹಾಸ್ಟೆಲನ್ನು ಹುಡುಕಬೇಕು. ಹಾಸ್ಟೆಲಿನ ಖರ್ಚು ಅಣ್ಣನ ಇಂಜಿನಿಯರಿಂಗಿಗೆ ಮುಗಿದಿದ್ದರೆ, ‘ನಮ್ಮ ಮಗಳಿಗೆ ಕಾಮರ್ಸೇ ಇಷ್ಟ’ ಎಂದು ಮನೆಯವರು ಹೇಳುತ್ತಾರೆ, ಆಕೆಯೂ ಹಾಗೆಯೇ ಹೇಳಲು ಕಲಿಯುತ್ತಾಳೆ. ಇಂಥಲ್ಲಿ ಅರ್ಜಿಯ ಅಂಕಣದಲ್ಲಿ ಹತ್ತು ಸಂಯೋಜನೆಗಳನ್ನು ಅಚ್ಚು ಹಾಕಿ ಫಲವೇನು? ಪ್ರಯೋಗಶಾಲೆಯೂ, ಅಧ್ಯಾಪಕನೂ, ಸಂಜೆ ಆರರ ಬಸ್ಸೂ ಇಲ್ಲದ ಕಡೆ ಆಯ್ಕೆಯ ಹಕ್ಕೆಂಬುದು ಉಳ್ಳವರ ಹಕ್ಕಾಗಿಯೇ ಉಳಿಯುವುದು.

ಹಾಗೆಂದು ಎಲ್ಲವೂ ನಿರಾಶಾದಾಯಕವೆಂದು ತಿಳಿಯಬೇಕಾಗಿಲ್ಲ. ನಮ್ಮ ಸರಕಾರಿ ಶಾಲೆಗಳ ಒಂದರಿಂದ ಮೂರನೆಯ ತರಗತಿಯ ಕೋಣೆಯೊಳಗೆ ಇಣಿಕಿ ನೋಡಿದವರಿಗೆ ಬೇರೊಂದು ದೃಶ್ಯ ಕಾಣುತ್ತದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊದಲಾಗಿ, 2009ರ ಹೊತ್ತಿಗೆ ರಾಜ್ಯವ್ಯಾಪಿಯಾದ ‘ನಲಿ-ಕಲಿ’ ಪದ್ಧತಿಯಲ್ಲಿ, ಕಲಿಯಬೇಕಾದುದನ್ನೆಲ್ಲ ಸಣ್ಣ ಸಣ್ಣ ಮೆಟ್ಟಿಲುಗಳಾಗಿ ವಿಂಗಡಿಸಿ, ಒಂದು ಕಲಿಕಾ ಏಣಿಯನ್ನಾಗಿ ಗೋಡೆಗೆ ತೂಗುಹಾಕಿರುತ್ತಾರೆ. ಪ್ರತಿಯೊಂದು ಮೆಟ್ಟಿಲಿಗೂ ಒಂದು ಚಿಹ್ನೆ, ಒಂದು ಕಾರ್ಡು. ಮಗು ಬಂದು ಏಣಿಯಲ್ಲಿ ತಾನು ನಿನ್ನೆ ನಿಂತ ಮೆಟ್ಟಿಲನ್ನು ಬೆರಳಿನಿಂದ ಹುಡುಕಿ, ಅದರ ಮುಂದಿನ ಕಾರ್ಡನ್ನು ತಾನೇ ತಟ್ಟೆಯಿಂದ ಎತ್ತಿಕೊಂಡು, ಆ ಕಾರ್ಡಿಗೆ ಗೊತ್ತಾದ ಗುಂಪಿನಲ್ಲಿ ನೆಲದ ಮೇಲೆ ಹೋಗಿ ಕುಳಿತುಕೊಳ್ಳುತ್ತದೆ. ಅಧ್ಯಾಪಕಿಯು ಒಂದು ಗುಂಪಿನ ಬಳಿಯಲ್ಲಿದ್ದರೆ ಇನ್ನೊಂದು ಗುಂಪಿನಲ್ಲಿ ಮಕ್ಕಳು ಒಬ್ಬರಿಗೊಬ್ಬರು ಕಲಿಸುತ್ತಿರುತ್ತಾರೆ, ಮತ್ತೊಂದು ಕಡೆ ಮಗುವೊಂದು ಒಂಟಿಯಾಗಿ ತನ್ನ ಕೆಲಸವನ್ನು ನಡೆಸುತ್ತಿರುತ್ತದೆ. ಜ್ವರ ಬಂದು ವಾರಗಟ್ಟಲೆ ಶಾಲೆ ತಪ್ಪಿಸಿದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಏನನ್ನು ಕಲಿಯಬೇಕೆಂಬ ಆಯ್ಕೆ ಇಲ್ಲಿಲ್ಲ, ನಿಜ. ಎಷ್ಟು ಬೇಗ ಕಲಿಯಬೇಕೆಂಬುದು ಮಾತ್ರ ಮಗುವಿನದು. ಆದರೂ ‘ಮುಂದಿನದು ನನ್ನದು’ ಎಂಬ ಭಾವವು ಆರು ವರ್ಷದ ಮಗುವಿನ ಕೈಗೆ ಬರುತ್ತದೆ. ನಾಲ್ಕನೆಯ ತರಗತಿಗೆ ಕಾಲಿಟ್ಟೊಡನೆ ಏಣಿಯು ಮಾಯವಾಗಿ ಬೆಂಚುಗಳ ಸಾಲು ಬರುವುದು ಏಕೆಂಬುದನ್ನು ಶಿಕ್ಷಣಶಾಸ್ತ್ರಜ್ಞರು ನಮಗೆ ವಿವರಿಸಬೇಕಾಗಿದೆ.

ವಿಷಯದ ಆಯ್ಕೆಯೂ ಸಾಧ್ಯವೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಉದಾಹರಣೆಯಿದೆ. 2010–11ರಿಂದ ಇಲ್ಲಿನ ಕೆಲವು ಶಾಲೆಗಳಲ್ಲಿ ತುಳುವನ್ನು ತೃತೀಯ ಭಾಷೆಯಾಗಿ ಕಲಿಯುವ ಅವಕಾಶ ದೊರೆಯಿತು. ಆರನೆಯ ತರಗತಿಯಿಂದ ಕಲಿತು ಬಂದ ಮೊದಲ ತಂಡವು 2014–15ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತಾಗ ಅದರಲ್ಲಿದ್ದವರು 18 ಮಂದಿ ಮಾತ್ರ. ಐದು ವರುಷಗಳಲ್ಲಿ ಆ ಸಂಖ್ಯೆಯು ಒಂಬೈನೂರನ್ನು ದಾಟಿತು. ಮನೆಯಲ್ಲಿ ಆಡುವ ಮಾತನ್ನು ಪುಸ್ತಕದಲ್ಲಿ ಕಾಣುವ ಸಂತೋಷ, ಪಾಡ್ದನದ ಸೊಲ್ಲು ಪಾಠವಾಗಿ ಬರುವ ಬೆರಗು ಇದರ ಹಿಂದೆ ಇವೆ. ಸುಲಭವಾಗಿ ಅಂಕ ಬಂದೀತೆಂಬ ಎಣಿಕೆಯೂ ಕೆಲವರಲ್ಲಿ ಇರಬಹುದು. ಆದರೂ ಗಮನಿಸತಕ್ಕ ಅಂಶವೊಂದುಂಟು. ಆಯ್ಕೆಯ ಬಾಗಿಲು ತೆರೆದೊಡನೆ ಮಕ್ಕಳು ಗುಂಪಾಗಿ ಒಳನುಗ್ಗಲಿಲ್ಲ. ಪಠ್ಯಪುಸ್ತಕ ಸಿದ್ಧವಾಗಬೇಕಾಯಿತು, ಕಲಿಸುವವರು ಸಿಗಬೇಕಾಯಿತು, ತುಳು ಕಲಿತರೆ ಮಗುವಿಗೆ ಹಾನಿಯಿಲ್ಲವೆಂದು ಹೆತ್ತವರಿಗೆ ಧೈರ್ಯ ಬರಬೇಕಾಯಿತು. ಸುಳ್ಯದ ಮನೆಗಳಲ್ಲಿ ಅರೆಭಾಷೆಯನ್ನೂ, ಪುತ್ತೂರಿನ ಎಷ್ಟೋ ಮನೆಗಳಲ್ಲಿ ಬ್ಯಾರಿ, ಕೊಂಕಣಿ, ಮಲಯಾಳ, ಹವ್ಯಕಗಳನ್ನೂ ಆಡುವ ಮಕ್ಕಳಿರುವಾಗ, ಈ ಬಾಗಿಲು ಇನ್ನಷ್ಟು ಅಗಲವಾಗಬೇಕೆಂಬುದು ಸಹಜವಾದ ಬಯಕೆ.

ಭಾಷೆಯನ್ನು ಬಿಟ್ಟು ಇತರ ವಿಷಯಗಳಿಗೆ ಬಂದರೆ, ಪುತ್ತೂರು, ಸುಳ್ಯ, ಕಡಬ ಎಂಬ ಈ ಮೂರು ತಾಲೂಕುಗಳ ಮಗುವಿನ ಸುತ್ತ ಹರಡಿರುವ ಸಾಮಗ್ರಿಯ ಸಮೃದ್ಧಿಯನ್ನು ಕಂಡು ಮನಸ್ಸು ಹಿಗ್ಗುತ್ತದೆ. ಪುತ್ತೂರಿನಲ್ಲಿ 1986ರಲ್ಲಿ ಸ್ಥಾಪಿತವಾದ ಗೇರು ಸಂಶೋಧನಾ ಕೇಂದ್ರವಿದೆ; ಅದೇ ಊರಿನಲ್ಲಿ ಕ್ಯಾಂಪ್ಕೋ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆಯಿದೆ. ತನ್ನ ಮನೆಯ ಹಿತ್ತಿಲಿನ ಕೊಕ್ಕೋ ಕಾಯಿಯ ಬೀಜವು ಹುಳಿತು, ಒಣಗಿ, ಹುರಿದು ಚಾಕೊಲೇಟ್ ಆಗುವವರೆಗಿನ ಪಯಣದಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ, ವಾಣಿಜ್ಯಗಳು ಮೂರೂ ಅಡಗಿವೆ. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ರೈತರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನವರೆಗೆ ನಡೆದ ಅಮರ ಸುಳ್ಯದ ಹೋರಾಟವು, ಸುಳ್ಯದ ಮಗುವಿಗೆ ಪುಸ್ತಕದ ಒಂದು ಪರಿಚ್ಛೇದಕ್ಕಿಂತ ಹೆಚ್ಚಿನದಾಗಬಲ್ಲುದು. ಬೆಳ್ಳಾರೆಯ ಆ ಕಟ್ಟಡವು ಬಸ್ಸಿಳಿದು ನಡೆಯುವಷ್ಟು ದೂರದಲ್ಲಿದೆ. ಇನ್ನು ಸಂಪಾಜೆ, ಅರಂತೋಡು, ಮರ್ಕಂಜಗಳ ಅಡಕೆಯ ತೋಟಗಳನ್ನು ದಶಕಗಳಿಂದ ಕಾಡುತ್ತಿರುವ ಹಳದಿ ರೋಗವನ್ನು ನೋಡಿ. ಸೋಗೆಯ ಎಲೆಗಳ ತುದಿಯು ಮೊದಲು ಹಳದಿಯಾಗಿ, ಹಿಂಗಾರ ಕ್ಷೀಣಿಸಿ, ಕಾಯಿ ಉದುರಿ, ಕೆಲವು ವರುಷಗಳಲ್ಲಿ ಫಸಲೇ ಇಲ್ಲವಾಗುವ ಈ ರೋಗಕ್ಕೆ ಖಚಿತವಾದ ಮದ್ದು ಇಂದಿಗೂ ದೊರೆತಿಲ್ಲ. ಆ ತೋಟದ ಮನೆಯಿಂದ ಬರುವ ಹುಡುಗನು ಸಸ್ಯರೋಗಶಾಸ್ತ್ರವನ್ನು ಆರಿಸಿಕೊಳ್ಳಬಯಸಿದರೆ ಆ ಬಯಕೆಗೆ ಕಾರಣವನ್ನು ಯಾರೂ ಕೇಳಬೇಕಾಗಿಲ್ಲ. ಅವನು ಕೂರುವ ತರಗತಿಯಲ್ಲಿ ಮಾತ್ರ ಆ ರೋಗದ ಹೆಸರಿಗೆ ಸ್ಥಳವಿಲ್ಲ.

ಬಾಲವನದಲ್ಲಿ ಬೆಳೆದ ಒಬ್ಬ ಬಾಲಕನ ವೃತ್ತಾಂತವು ಇಲ್ಲಿ ಪ್ರಸ್ತುತವಾಗಿದೆ. ಕಾರಂತರ ಪುತ್ರರಾದ ಉಲ್ಲಾಸ ಕಾರಂತರಿಗೆ ಎಳವೆಯಿಂದಲೇ ಕಾಡು, ವನ್ಯಪ್ರಾಣಿಗಳಲ್ಲಿ ಆಸಕ್ತಿ. ಆದರೆ ಅವರು ಕಾಲೇಜಿಗೆ ಹೋಗುವ ಕಾಲದಲ್ಲಿ ಹುಲಿಯ ಅಧ್ಯಯನವೆಂಬುದು ಯಾವ ಅರ್ಜಿಯ ಯಾವ ಅಂಕಣದಲ್ಲಿಯೂ ಇರಲಿಲ್ಲ. ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿದರು. ಕೆಲವು ಕಾಲ ಆ ವೃತ್ತಿಯಲ್ಲಿದ್ದು ತರುವಾಯ ಕೃಷಿ ಮಾಡಿದರು. ನಲವತ್ತರ ಸಮೀಪದಲ್ಲಿ, 1988ರಲ್ಲಿ, ಅಮೆರಿಕೆಯ ಫ್ಲಾರಿಡಾ ವಿಶ್ವವಿದ್ಯಾಲಯದಿಂದ ವನ್ಯಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನೂ, ಮುಂದೆ ಮಂಗಳೂರು ವಿಶ್ವವಿದ್ಯಾಲಯದಿಂದ ಡಾಕ್ಟರೇಟನ್ನೂ ಪಡೆದು, ನಾಗರಹೊಳೆಯ ಹುಲಿಗಳ ಗಣನೆಯಲ್ಲಿ ಜಗತ್ತೇ ಗಮನಿಸುವ ಕೆಲಸ ಮಾಡಿದರು. ಬಾಲ್ಯದ ಆಸಕ್ತಿಯು ಇಷ್ಟು ದೀರ್ಘಕಾಲ ಬಾಡದೆ ಉಳಿಯಬೇಕಾದರೆ ಅದಕ್ಕೆ ನೀರೆರೆದ ಮನೆಯೊಂದಿರಬೇಕು. ಕೊಂಬಾರಿನ ಕೂಲಿಯ ಮಗುವಿಗೂ, ಮಡಪ್ಪಾಡಿಯ ರಬ್ಬರ್ ಟ್ಯಾಪರನ ಮಗುವಿಗೂ ಅಂಥ ಮನೆ ದೊರೆಯದು. ಅವರ ಪಾಲಿಗೆ ಆ ಕೆಲಸವನ್ನು ಮಾಡಬೇಕಾದುದು ಶಾಲೆಯೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೌಢಶಾಲೆಯ ಹಂತದಲ್ಲಿ ವಿಷಯಗಳ ಆಯ್ಕೆಗೆ ಹೆಚ್ಚಿನ ಅವಕಾಶವಿರಬೇಕೆಂದೂ, ಕಲೆ ವಿಜ್ಞಾನಗಳ ನಡುವಣ ಗೋಡೆಯು ಅಳಿಯಬೇಕೆಂದೂ ಹೇಳಿತು. ನಮ್ಮ ರಾಜ್ಯವು ಅದನ್ನು 2021–22ರಲ್ಲಿ ಪದವಿ ಕಾಲೇಜುಗಳಲ್ಲಿ ಜಾರಿಗೆ ತಂದಿತು. 2024ರಲ್ಲಿ ಕೈಬಿಟ್ಟು ಹಳೆಯ ಮೂರು ವರುಷದ ಕ್ರಮಕ್ಕೆ ಮರಳಿತು. ಈ ಎರಡು ನಿರ್ಣಯಗಳ ಗುಣದೋಷಗಳನ್ನು ಅಳೆಯುವುದು ಇಲ್ಲಿ ನನ್ನ ಉದ್ದೇಶವಲ್ಲ. ನೀತಿಗಳು ಬಂದುಹೋಗುವ ನಡುವೆ ಎಂಟು, ಒಂಬತ್ತನೆಯ ತರಗತಿಯ ವೇಳಾಪಟ್ಟಿಯು ಇದ್ದಂತೆಯೇ ಇದ್ದಿತೆಂಬುದಷ್ಟೇ ನನ್ನ ವ್ಯಥೆ. ಆರಿಸುವುದನ್ನು ಕಲಿಸಬೇಕಾದ ವಯಸ್ಸು ಅದು.

ಇದಕ್ಕೆ ಮಹಾ ಸುಧಾರಣೆಗಾಗಿ ಕಾಯಬೇಕಾಗಿಲ್ಲ. ಎಂಟನೆಯ ತರಗತಿಯಿಂದಲೇ ವಾರಕ್ಕೆ ಎರಡು ಅವಧಿಗಳನ್ನು ಮಗುವಿನದೆಂದು ಬಿಟ್ಟುಕೊಡಬಹುದು. ಆ ಅವಧಿಯಲ್ಲಿ ಒಂದು ತಿಂಗಳು ಒಂದೇ ವಿಷಯ. ಯಾವುದೆಂಬುದನ್ನು ಮಗು ಹೇಳಬೇಕು, ಏಕೆಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯಬೇಕು. ತಿಂಗಳ ಕೊನೆಗೆ ತಾನು ಕಂಡುದನ್ನು ತರಗತಿಯ ಮುಂದೆ ನಿಂತು ಹೇಳಬೇಕು. ಇದಕ್ಕೆ ಅಂಕವಿರಬಾರದು, ಅಂಕವು ಬಂದೊಡನೆ ಸುಲಭವಾದುದನ್ನು ಹುಡುಕುವ ಹಳೆಯ ಚಾಳಿಯೂ ಹಿಂದೆಯೇ ಬರುವುದು. ಅಧ್ಯಾಪಕನು ಎಲ್ಲವನ್ನೂ ಬಲ್ಲವನಾಗಿರಬೇಕೆಂಬ ಭಯವೂ ಬೇಡ. ಯಕ್ಷಗಾನದ ಚೆಂಡೆಯನ್ನು ಕಲಿಯಬಯಸಿದವನಿಗೆ ಊರ ಭಾಗವತರು, ಜೇನುಸಾಕಣೆಯನ್ನು ಬಯಸಿದವಳಿಗೆ ನೆರೆಯ ಕೃಷಿಕರು, ಹಳದಿ ರೋಗವನ್ನು ಅರಿಯಬಯಸಿದವನಿಗೆ ವಿಟ್ಲದ ತೋಟಬೆಳೆ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದ್ದೇ ಇದ್ದಾರೆ. ಅಧ್ಯಾಪಕನು ಮಾಡಬೇಕಾದುದು ಮಗುವನ್ನು ಅವರವರೆಗೆ ಮುಟ್ಟಿಸುವುದು, ಮತ್ತು ಪ್ರತಿ ತಿಂಗಳೂ ಒಂದು ನೋಟುಪುಸ್ತಕದಲ್ಲಿ ಈ ಮಗು ಏನನ್ನು ಆರಿಸಿತು, ಎಲ್ಲಿ ಬೇಸತ್ತಿತು, ಎಲ್ಲಿ ಊಟದ ಗಂಟೆ ಹೊಡೆದರೂ ಏಳಲಿಲ್ಲ ಎಂಬುದನ್ನು ಬರೆದಿಡುವುದು. ಮೂರು ವರುಷಗಳ ಅಂಥ ಬರಹವು ಹತ್ತನೆಯ ತರಗತಿಯ ಕೊನೆಗೆ ತಂದೆತಾಯಿಗಳ ಕೈ ಸೇರಿದರೆ, ಪುತ್ತೂರಿನ ಕಾಲೇಜು ಕಚೇರಿಯ ಮುಂದೆ ಅವರು ಅಂಕಪಟ್ಟಿಯೊಂದಿಗೆ ಅದನ್ನೂ ಬಿಚ್ಚಿ ನೋಡಿಯಾರು.